ತಡವಾಗಿ ಬರಿದಾಗುವ ಜಠರ: ಎಚ್‌ಐವಿಯೊಂದಿಗೆ ಬದುಕುವವರ ಒಂದು ತೊಂದರೆ

ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುವುದು, ಮೇಲುಹೊಟ್ಟೆ ಭಾರವಾಗಿ ಉಬ್ಬುವುದು, ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ಹಾಗೆಯೇ ವಾಂತಿಯಾಗುವುದು – ಇವೆಲ್ಲವನ್ನೂ ಆಡುಮಾತು ‘ಗ್ಯಾಸ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ. ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ಕೆಲವರಲ್ಲಿ ಈ ಲಕ್ಷಣಗಳ ಹಿಂದೆ ಜಠರವು ತಡವಾಗಿ ಬರಿದಾಗುವ ತೊಂದರೆಯಿರಬಹುದು. ವೈದ್ಯರು ಇದನ್ನು ಗ್ಯಾಸ್ಟ್ರೋಪರೆಸಿಸ್ ಎನ್ನುತ್ತಾರೆ.

ಜಠರವು ಬರಿಯ ಚೀಲವಲ್ಲ. ಅದರ ಸ್ನಾಯುಗಳು ನಿಮಿಷಕ್ಕೆ ಸುಮಾರು 3 ಬಾರಿ ಅಲೆಯಂತೆ ಸಂಕುಚಿಸಿ, ಆಹಾರವನ್ನು ಕಡೆದು ನುಣ್ಣಗೆ ಮಾಡಿ, ಸ್ವಲ್ಪಸ್ವಲ್ಪವಾಗಿ ಸಣ್ಣಕರುಳಿಗೆ ದಾಟಿಸುತ್ತವೆ. ಪರೀಕ್ಷೆಗೆಂದು ಕೊಟ್ಟ ಲಘು ಊಟದಲ್ಲಿ 4 ಗಂಟೆಗಳ ಬಳಿಕವೂ ಶೇ. 10ಕ್ಕಿಂತ ಹೆಚ್ಚು ಜಠರದಲ್ಲೇ ಉಳಿದಿದ್ದರೆ ಅದನ್ನು ವಿಳಂಬವೆಂದು ಪರಿಗಣಿಸುತ್ತಾರೆ. ಈ ಚಲನೆಯ ಮೇಲ್ವಿಚಾರಣೆ ಮಿದುಳಿನಿಂದ ಇಳಿದುಬರುವ ವೇಗಸ್ ನರದ್ದು. (ಈ ಹೆಸರಿಗೂ ನಮ್ಮ ‘ವೇಗ’ಕ್ಕೂ ನಂಟಿಲ್ಲ, ಲ್ಯಾಟಿನ್ನಿನಲ್ಲಿ ಅದರ ಅರ್ಥ ಅಲೆದಾಡುವುದು ಎಂದು.) ಎಚ್‌ಐವಿ ರೋಗನಿರೋಧಕ ಶಕ್ತಿಯನ್ನು ಮಾತ್ರವಲ್ಲದೆ ನರಗಳನ್ನೂ ಘಾಸಿಗೊಳಿಸಬಲ್ಲದು. ಇಂಥ ನರಗಳು ಸೊರಗಿದಾಗ ಜಠರದ ಅಲೆಗಳು ಕುಂದುತ್ತವೆ. ಕೆಲವರಿಗೆ ಎದ್ದುನಿಂತೊಡನೆ ತಲೆಸುತ್ತುವುದೂ ಉಂಟು. ಆದರೆ ಮಧುಮೇಹ, ಇತರ ಸೋಂಕು, ಕೆಲವು ಔಷಧಗಳಿಂದಲೂ ಹೀಗಾಗಬಹುದಾದ್ದರಿಂದ ಲಕ್ಷಣ ಕಂಡವರೆಲ್ಲರಿಗೂ ಎಚ್‌ಐವಿ ಇದೆಯೆಂದು ಊಹಿಸುವುದು ತಪ್ಪು, ಅಪಾಯಕರವೂ ಹೌದು.

ಇದನ್ನು ಅಜೀರ್ಣವೆಂದು ಕಡೆಗಣಿಸಲಾಗದು. ಗುಳಿಗೆ ನುಂಗಿದೊಡನೆ ವಾಂತಿಯಾದರೆ ಔಷಧವೂ ಹೊರಹೋಗುತ್ತದೆ. ಊಟ ಸೇರದವರು ಕ್ರಮೇಣ ಗುಳಿಗೆಯನ್ನೂ ತಪ್ಪಿಸತೊಡಗುತ್ತಾರೆ. ಹೀಗೆ ಚಿಕಿತ್ಸೆ ಕಡಿದುಹೋದಾಗ ವೈರಾಣು ಔಷಧಕ್ಕೆ ಮಣಿಯದಂತಾಗಬಹುದು. ಅಂಗಡಿಯಿಂದ ವಾಂತಿಯ ಮಾತ್ರೆ ತಂದು ನುಂಗುವುದೂ ಸಲ್ಲದು: ರಿಟೊನಾವಿರ್ ಸೇವಿಸುವವರಿಗೆ ಡೊಂಪೆರಿಡೋನ್ ಜೊತೆಯಾದರೆ ಹೃದಯಬಡಿತದ ಲಯ ಕೆಡುವ ಅಪಾಯವಿದೆ.

ಆಹಾರದಲ್ಲಿ ಸಾಮಾನ್ಯ ಬುದ್ಧಿಮಾತು ಇಲ್ಲಿ ತಿರುವುಮುರುವಾಗುತ್ತದೆ. ನಾರು ಮತ್ತು ಜಿಡ್ಡು ಜಠರವನ್ನು ಇನ್ನಷ್ಟು ತಡೆಯುವುದರಿಂದ ಅವನ್ನು ತಗ್ಗಿಸಿ, ಮೆತ್ತಗೆ ಬೇಯಿಸಿದ ಅನ್ನ, ಗಂಜಿ, ಸೋಸಿದ ತಿಳಿಸಾರುಗಳನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡುವುದು ಹಿತ. ಉಂಡೊಡನೆ ಮಲಗಬಾರದು. ಬಿಸಿಯೂಟದ ತಟ್ಟೆಯಲ್ಲಿ ದಿನವೂ ಅರ್ಧ ಉಳಿಸುವ ಮಗುವನ್ನು ಗದರಿಸಿ ಉಣ್ಣಿಸುವ ಪದ್ಧತಿಯನ್ನು, ಕಾಯಿಲೆ ಯಾವುದೇ ಇರಲಿ, ಶಿಕ್ಷಕರು ಕೈಬಿಡತಕ್ಕದ್ದು.

ಗಡಿನಾಡಿನಲ್ಲಿ ಮತ್ತೊಂದು ತೊಡಕಿದೆ. ಆಸ್ಪತ್ರೆಯ ಮಾತು ಕಾಸರಗೋಡಿನಲ್ಲಿ ಮಲಯಾಳ, ಜತ್ತದಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು. ರೋಗಿಯ ಕನ್ನಡವನ್ನು ಅಲ್ಲಿಗೆ ಮುಟ್ಟಿಸಲು ಶಿಕ್ಷಕರ ನೆರವು ಕೇಳಿಬರುವುದು ಸಹಜ. ಆಗ ‘ಹೊಟ್ಟೆನೋವು’ ಎಂದಷ್ಟೇ ಬರೆದುಕೊಟ್ಟರೆ ಚಿಕಿತ್ಸೆ ದಾರಿ ತಪ್ಪೀತು. ಏನು ಉಂಡರು, ಎಷ್ಟು ಹೊತ್ತಿನ ಬಳಿಕ ವಾಂತಿಯಾಯಿತು, ಗುಳಿಗೆಗೆ ಮೊದಲೋ ಆಮೇಲೋ, ತೂಕ ಇಳಿದಿದೆಯೋ ಎಂಬುದನ್ನು ಬಿಡಿಬಿಡಿಯಾಗಿ ಬರೆಯಬೇಕು. ಹಾಗೆ ತಿಳಿದುಬಂದ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲುಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ನಿಷೇಧಿಸುತ್ತದೆ. ಶಾಲೆಯ ಯಾವ ದಾಖಲೆಯಲ್ಲೂ, ಸಹೋದ್ಯೋಗಿಗಳ ಮಾತುಕತೆಯಲ್ಲೂ ಅದು ಸುಳಿಯಕೂಡದು.