ವೇಗದ ಎರಡು ಎಲ್ಲೆಗಳು

ಆಕಾಶದಲ್ಲಿ ತೇಲುತ್ತಿದ್ದ ಹದ್ದು ಮರದ ಕೊಂಬೆಯ ಮೇಲೆ ಇಳಿಯುವ ಕ್ಷಣವನ್ನು ಗಮನಿಸಿರಿ. ಅದು ಬಾಲವನ್ನು ಬೀಸಣಿಗೆಯಂತೆ ಹರಡುತ್ತದೆ, ರೆಕ್ಕೆಗಳನ್ನು ಬಾಗಿಸಿಕೊಳ್ಳುತ್ತದೆ, ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಕಿರುಗರಿಗಳ ಗೊಂಚಲೊಂದನ್ನು ಮೇಲಕ್ಕೆತ್ತುತ್ತದೆ. ವೇಗ ಕುಗ್ಗಿದಾಗಲೂ ಬೀಳದಿರಲು ಅದಕ್ಕೆ ಒದಗಿಬಂದಿರುವ ಉಪಾಯವಿದು. ಮನುಷ್ಯನು ನಿರ್ಮಿಸಿದ ವಿಮಾನವೂ ಇದೇ ಉಪಾಯವನ್ನು ಅನುಸರಿಸುತ್ತದೆ. ವಿಮಾನವು ನಿಲ್ದಾಣವನ್ನು ಸಮೀಪಿಸುವಾಗ ರೆಕ್ಕೆಯ ಹಿಂದಿನ ಅಂಚಿನಿಂದ ಅಗಲವಾದ ಹಲಗೆಗಳು ಹಿಂದಕ್ಕೆ ಜಾರಿ ಕೆಳಕ್ಕೆ ಬಾಗುತ್ತವೆ. ಇವು ಫ್ಲ್ಯಾಪ್‌ಗಳು. ಮುಂದಿನ ಅಂಚಿನಿಂದ ಹೊರಚಾಚುವ ಕಿರಿದಾದ ಪಟ್ಟಿಗಳು ಸ್ಲ್ಯಾಟ್‌ಗಳು.

ರೆಕ್ಕೆಯು ವಿಮಾನವನ್ನು ಎತ್ತಿ ಹಿಡಿಯುವ ಬಲವು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗವು ಅರ್ಧಕ್ಕೆ ಇಳಿದರೆ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. ಈ ಕೊರತೆಯನ್ನು ತುಂಬಲು ಫ್ಲ್ಯಾಪ್‌ಗಳು ರೆಕ್ಕೆಯ ಬಾಗನ್ನೂ ಅಗಲವನ್ನೂ ಹೆಚ್ಚಿಸುತ್ತವೆ. ರೆಕ್ಕೆಯು ಗಾಳಿಗೆ ಕಡಿದಾಗಿ ಎದುರಾದರೂ ಗಾಳಿಯ ಹರಿವು ಅದರ ಬೆನ್ನನ್ನು ಬಿಟ್ಟು ಚದುರದಂತೆ ಸ್ಲ್ಯಾಟ್‌ಗಳು ನೋಡಿಕೊಳ್ಳುತ್ತವೆ.

ಹಾಗಾದರೆ ಇವನ್ನು ಸದಾ ಹೊರಚಾಚಿಯೇ ಇಡಬಾರದೇಕೆ? ಅದೇ ವರ್ಗದ ನಿಯಮವು ಇಲ್ಲಿ ಶತ್ರುವಾಗುತ್ತದೆ. ಏರ್‌ಬಸ್ ಎ-320 ಎಂಬ ವಿಮಾನವನ್ನು ತೆಗೆದುಕೊಳ್ಳೋಣ. ಎಲ್ಲವನ್ನೂ ಮಡಚಿಕೊಂಡಾಗ ಅದರ ವೇಗದ ಮಿತಿ 350 ನಾಟ್. ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್; ಇಲ್ಲಿ ಲೆಕ್ಕಕ್ಕೆ ಬರುವುದು ನೆಲದ ಮೇಲಿನ ವೇಗವಲ್ಲ, ಎದುರುಗಾಳಿಯನ್ನು ಅಳೆದು ಮಾಪಕವು ತೋರುವ ವೇಗ. ಇಳಿಯಲು ಸಿದ್ಧವಾಗುವಾಗ ಸನ್ನೆಯನ್ನು ಮೊದಲ ಹಂತಕ್ಕೆ ಸರಿಸಿದರೆ ಸ್ಲ್ಯಾಟ್‌ಗಳು ಮಾತ್ರ ಹೊರಬರುತ್ತವೆ. ಆಗ ಮಿತಿ 230 ನಾಟ್. ಎರಡನೆಯ ಹಂತದಲ್ಲಿ 200, ಮೂರನೆಯದರಲ್ಲಿ 185, ಪೂರ್ಣ ಚಾಚಿದಾಗ 177. ಪೂರ್ಣ ಚಾಚಿದ ಫ್ಲ್ಯಾಪ್‌ಗಳೊಡನೆ 230 ನಾಟ್ ವೇಗದಲ್ಲಿ ಹಾರಿದರೆ ಏನಾದೀತು? ವೇಗವು ಹೆಚ್ಚಿರುವುದು ಶೇಕಡಾ 30ರಷ್ಟು ಮಾತ್ರ. ಗಾಳಿಯ ಒತ್ತಡವಾದರೋ ಶೇಕಡಾ 69ರಷ್ಟು ಹೆಚ್ಚುತ್ತದೆ. ಹಲಗೆಗಳನ್ನು ಹಿಡಿದಿರುವ ಹಳಿಗಳೂ ಕೀಲುಗಳೂ ಬಾಗಬಹುದು. ಒಂದು ಪಕ್ಕದ ಹಲಗೆ ಮಾತ್ರ ಕಿತ್ತುಹೋದರೆ ಎರಡು ರೆಕ್ಕೆಗಳ ಸಮತೋಲವೇ ಕೆಡುತ್ತದೆ.

ಇಂತಹ ಅಸಮತೋಲವು ಎಷ್ಟು ಭಯಂಕರವೆಂಬುದನ್ನು 1979ರ ಏಪ್ರಿಲ್ 4ರಂದು ಅಮೆರಿಕದ ಮಿಷಿಗನ್ ರಾಜ್ಯದ ಮೇಲೆ ಹಾರುತ್ತಿದ್ದ ಬೋಯಿಂಗ್ 727 ವಿಮಾನದ 89 ಮಂದಿ ಅನುಭವಿಸಿದರು. 39,000 ಅಡಿಗಳ ಎತ್ತರದಲ್ಲಿ ಅದರ ಬಲರೆಕ್ಕೆಯ ಒಂದೇ ಒಂದು ಸ್ಲ್ಯಾಟ್ ಹೊರಬಂದಿತ್ತು. ವಿಮಾನವು ಮಗುಚಿ ಸುರುಳಿಸುತ್ತುತ್ತ ಕೆಳಗಿಳಿಯಿತು. ಆ ಸ್ಲ್ಯಾಟ್ ಗಾಳಿಯ ಹೊಡೆತಕ್ಕೆ ಕಿತ್ತುಹೋಯಿತು. ಭೂಮಿಯಿಂದ ಸುಮಾರು 5,000 ಅಡಿಗಳಿರುವಾಗ ಚಾಲಕರ ಹಿಡಿತಕ್ಕೆ ವಿಮಾನವು ಮರಳಿತು, ಎಲ್ಲರೂ ಬದುಕಿದರು. ಸ್ಲ್ಯಾಟ್ ಹೇಗೆ ಹೊರಬಂದಿತೆಂಬ ವಿವಾದವು ಮಾತ್ರ ವರ್ಷಗಟ್ಟಲೆ ನಡೆಯಿತು.

ಹಿಂದಿನ ವಿಮಾನಗಳಲ್ಲಿ ಈ ಮಿತಿಗಳನ್ನು ಪುಟ್ಟ ಫಲಕದ ಮೇಲೆ ಬರೆದಿರುತ್ತಿದ್ದರು. ಚಾಲಕನು ಅದನ್ನು ಓದಿ, ಗುಂಡನೆಯ ಮಾಪಕದ ಮುಳ್ಳನ್ನು ನೋಡಿ, ಮನಸ್ಸಿನಲ್ಲೇ ಹೋಲಿಸಬೇಕಾಗಿತ್ತು. ಎ-320ರಲ್ಲಿ ಆ ಫಲಕವೂ ಇದೆ. ಆದರೆ ಹೋಲಿಸುವ ಕೆಲಸವನ್ನು ಪರದೆಯೇ ಮಾಡಿಕೊಡುತ್ತದೆ. ಪರದೆಯ ಎಡಭಾಗದಲ್ಲಿ ವೇಗದ ಅಳತೆಪಟ್ಟಿಯು ನಿಂತ ಏಣಿಯಂತೆ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಅದರ ಮೇಲ್ಭಾಗದಲ್ಲಿ ಕೆಂಪು ಕಪ್ಪು ಪಟ್ಟೆಗಳ ಕಂಬವೊಂದು ತೂಗಿದಂತೆ ಕಾಣುತ್ತದೆ. ಅದರ ಬುಡವೇ ಆ ಗಳಿಗೆಯ ಗರಿಷ್ಠ ವೇಗ. ಫ್ಲ್ಯಾಪ್‌ಗಳು ಚಾಚಿದಂತೆಲ್ಲ ಅದು ಕೆಳಗಿಳಿಯುತ್ತದೆ. ಇದಕ್ಕಿಂತ ಚತುರವಾದ ಏರ್ಪಾಡು ಇನ್ನೊಂದಿದೆ: ಹಳದಿಮಿಶ್ರಿತ ಕಿತ್ತಳೆ ಬಣ್ಣದ ಎರಡು ಕಿರುಗೆರೆಗಳು. ಇವು ತೋರಿಸುವುದು ಈಗಿನ ಮಿತಿಯನ್ನಲ್ಲ, ಮುಂದಿನ ಹಂತದ ಮಿತಿಯನ್ನು. ವೇಗವು ಆ ಗೆರೆಗಳಿಗಿಂತ ಕೆಳಗಿಳಿದ ಮೇಲೆಯೇ ಸನ್ನೆಗೆ ಕೈಹಾಕಬೇಕು. ಗಾಳಿಯ ಒಂದು ಬೀಸು ವೇಗವನ್ನು ಮೇಲಕ್ಕೆ ತಳ್ಳಬಹುದಾದ್ದರಿಂದ ಎಚ್ಚರಿಕೆಯುಳ್ಳವರು ಇನ್ನೂ ಕೆಲವು ನಾಟ್‌ಗಳಷ್ಟು ಇಳಿಯಲೆಂದು ಕಾಯುತ್ತಾರೆ. ಮಿತಿಯನ್ನು 4 ನಾಟ್ ಮೀರಿದರೆ ಎಚ್ಚರಿಕೆಯ ಸದ್ದು ಎಡೆಬಿಡದೆ ಮೊಳಗುತ್ತದೆ. ಇಳಿದ ಮೇಲೆ ಅದನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಎಂಜಿನಿಯರುಗಳು ಪರೀಕ್ಷಿಸಬೇಕು.

ಏಣಿಯ ಕೆಳತುದಿಯಲ್ಲಿಯೂ ಕಿತ್ತಳೆ ಮತ್ತು ಕೆಂಪು ಪಟ್ಟಿಗಳಿವೆ. ಇವು ನಿಧಾನದ ಎಲ್ಲೆ. ಮೇಲೇರುವಾಗ ಕಾಣುವ ಎಫ್ ಮತ್ತು ಎಸ್ ಎಂಬ ಹಸಿರು ಅಕ್ಷರಗಳು, ಫ್ಲ್ಯಾಪ್‌ಗಳನ್ನೂ ಸ್ಲ್ಯಾಟ್‌ಗಳನ್ನೂ ಮಡಚಲು ಕನಿಷ್ಠ ಎಷ್ಟು ವೇಗ ಬೇಕೆಂಬುದನ್ನು ಸೂಚಿಸುತ್ತವೆ. ಇಂತಹ ಪರದೆಯಿಲ್ಲದ ಕಾಲದಲ್ಲಿ, 1972ರ ಜೂನ್ 18ರಂದು, ಲಂಡನ್ನಿನಿಂದ ಬ್ರಸೆಲ್ಸಿಗೆ ಹೊರಟ ಟ್ರೈಡೆಂಟ್ ವಿಮಾನದಲ್ಲಿ ಒಂದು ಸನ್ನೆ ಅಕಾಲದಲ್ಲಿ ಚಲಿಸಿತು. ಸ್ಲ್ಯಾಟ್‌ಗಳ ಸೋದರಸಂಬಂಧಿಯೆನ್ನಬಹುದಾದ, ರೆಕ್ಕೆಯ ಮುಂದಿನ ಅಂಚನ್ನು ಬಾಗಿಸುವ ಭಾಗಗಳನ್ನು ಮಡಚಲು 225 ನಾಟ್ ವೇಗ ಬೇಕಾಗಿತ್ತು. ಮಡಚಿದಾಗ ವೇಗ 162 ನಾಟ್. ರೆಕ್ಕೆಯ ಬಲವು ಕುಸಿದು, ಹೊರಟ ಮೂರು ನಿಮಿಷಗಳೊಳಗೆ ವಿಮಾನವು ಸ್ಟೇನ್ಸ್ ಊರಿನ ಬಳಿಯ ಹೊಲಕ್ಕೆ ಬಿದ್ದಿತು. 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಪರದೆಯಲ್ಲಿ ಇಷ್ಟೆಲ್ಲ ಬರೆದಿದ್ದರೂ ಎ-320ರಲ್ಲಿ ಒಬ್ಬರೇ ನಿರ್ಧರಿಸಿ ಸನ್ನೆ ಸರಿಸುವುದಿಲ್ಲ. ವಿಮಾನ ನಡೆಸುತ್ತಿರುವ ಚಾಲಕನು “ಫ್ಲ್ಯಾಪ್ ಒಂದು” ಎಂದು ಹೇಳುತ್ತಾನೆ. ಪಕ್ಕದಲ್ಲಿ ಕುಳಿತ ಜೊತೆಗಾರನು ಕೂಡಲೇ ಕೈಚಾಚುವುದಿಲ್ಲ. ಮೊದಲು ಏಣಿಯ ಮೇಲಿನ ವೇಗವನ್ನೂ ಆ ಎರಡು ಕಿರುಗೆರೆಗಳನ್ನೂ ನೋಡುತ್ತಾನೆ. “ವೇಗ ಪರೀಕ್ಷಿಸಿದೆ” ಎನ್ನುತ್ತಾನೆ. ಆಮೇಲೆ ಸನ್ನೆಯನ್ನು ಸರಿಸುತ್ತಾನೆ.