ಗುಂಗುರುಗೂದಲೂ ರಾಸಾಯನಿಕ ಲೇಪವೂ

ದಟ್ಟವಾದ ಗುಂಗುರುಗೂದಲುಳ್ಳ ಹುಡುಗಿಗೆ ತಲೆ ಬಾಚಿಕೊಳ್ಳುವುದೇ ನಿತ್ಯದ ಒಂದು ಕಷ್ಟ. ಅದರ ಮೇಲೆ ನೆಂಟರಿಷ್ಟರ ಹಾಸ್ಯ ಬೇರೆ. ಹೀಗಿರಲು, ಸುರುಳಿಯನ್ನು ಶಾಶ್ವತವಾಗಿ ಬಿಡಿಸಿಕೊಡುವೆವೆಂದು ಬ್ಯೂಟಿ ಪಾರ್ಲರಿನವರು ಹೇಳಿದರೆ ಅವಳ ಮನಸ್ಸು ಅತ್ತ ಹರಿಯುವುದು ಸಹಜವೇ. ಆದರೆ ಆ ಲೇಪಗಳು ಕೂದಲಿಗೆ ಏನು ಮಾಡುತ್ತವೆ, ದೇಹಕ್ಕೆ ಏನು ಮಾಡಬಲ್ಲವು ಎಂಬುದನ್ನು ಮನೆಯವರು ಮೊದಲೇ ತಿಳಿದಿರುವುದು ಅವಶ್ಯ.

ಕೂದಲು ಕೆರಾಟಿನ್ ಎಂಬ ಸಸಾರಜನಕದಿಂದಾದುದು. ಅದರ ಎಳೆಗಳನ್ನು ಗಂಧಕದ ಬಂಧಗಳು ಒಂದಕ್ಕೊಂದು ಬಿಗಿದಿರುತ್ತವೆ. ಚರ್ಮದೊಳಗೆ ಕೂದಲಿನ ಬುಡವು ಬಾಗಿದ್ದರೆ ಕೂದಲು ಸುರುಳಿಯಾಗಿಯೇ ಹುಟ್ಟುವುದು. ನೀರು ಸಡಿಲಿಸುವುದು ದುರ್ಬಲವಾದ ಬೇರೆ ಬಂಧಗಳನ್ನು ಮಾತ್ರ. ಆದುದರಿಂದಲೇ ಮಿಂದಾಗ ತುಸು ನೇರವಾಗಿ ಕಂಡ ಕೂದಲು ಒಣಗಿದೊಡನೆ ಮತ್ತೆ ಗುಂಗುರಾಗುವುದು. ಕಾಸಿದ ಬಾಚಣಿಗೆಯ ಫಲವೂ ಇಂತಹ ತಾತ್ಕಾಲಿಕವಾದುದೇ. ಗಂಧಕದ ಬಂಧಗಳನ್ನೇ ಮುರಿಯಬೇಕಾದರೆ ಥಯೋಗ್ಲೈಕೋಲೇಟ್ ಮೊದಲಾದ ದ್ರವ್ಯಗಳು, ಇಲ್ಲವೆ ಸಾಬೂನು ಮಾಡಲು ಬಳಸುವ ಕಾಸ್ಟಿಕ್ ಸೋಡದಂತಹ ತೀಕ್ಷ್ಣ ಕ್ಷಾರಗಳು ಬೇಕು. ಹೀಗೆ ನೇರವಾದ ಕೂದಲು ಹಾಗೆಯೇ ಉಳಿಯುವುದಾದರೂ ಅದರ ಬಲ ಕುಂದಿರುವುದು. ಬುಡದ ಬಾಗನ್ನಾದರೋ ಯಾವ ಲೇಪವೂ ತಿದ್ದಲಾರದು. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುವ ಹೊಸ ಕೂದಲು ಹಿಂದಿನಂತೆಯೇ ಗುಂಗುರು. ಒಮ್ಮೆ ಆರಂಭಿಸಿದವರು ಮತ್ತೆ ಮತ್ತೆ ಮಾಡಿಸಿಕೊಳ್ಳಬೇಕಾಗುವುದು ಇದರಿಂದಲೇ.

ಈ ವಿಷಯದಲ್ಲಿ ಅಮೆರಿಕದ ಆಫ್ರಿಕನ್ ಮೂಲದ ಜನರ ಅನುಭವವು ದೀರ್ಘವಾದುದು. ಅವರಲ್ಲೊಬ್ಬನಾದ ಗ್ಯಾರೆಟ್ ಮಾರ್ಗನ್ ಎಂಬ ಸಂಶೋಧಕನು ಕೂದಲು ನೇರಗೊಳಿಸುವ ಲೇಪವನ್ನು ಮಾರಲು 1913ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಗಂಡಸರೂ ಈ ಪದ್ಧತಿಗೆ ಒಳಗಾದರು. ಮಾಲ್ಕಮ್ ಎಕ್ಸ್, 1965ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ, ತಾರುಣ್ಯದಲ್ಲಿ ಕ್ಷಾರಕ್ಕೆ ಮೊಟ್ಟೆ, ಆಲೂಗೆಡ್ಡೆಗಳನ್ನು ಬೆರೆಸಿ ತಲೆಗೆ ಹಚ್ಚಿಸಿಕೊಂಡು ಉರಿಯನ್ನು ಸಹಿಸಿದುದನ್ನೂ, ಬಿಳಿಯರಂತೆ ಕಾಣಬೇಕೆಂಬ ಆ ಹಂಬಲಕ್ಕೆ ಅನಂತರ ನಾಚಿದುದನ್ನೂ ವಿವರಿಸಿದ್ದಾನೆ. ಹುಟ್ಟುಗೂದಲಿನ ಕಾರಣದಿಂದ ಶಾಲೆಯಲ್ಲಾಗಲಿ ನೌಕರಿಯಲ್ಲಾಗಲಿ ಭೇದವೆಣಿಸಬಾರದೆಂದು ಕ್ಯಾಲಿಫೋರ್ನಿಯ ಪ್ರಾಂತವು ಕಾನೂನು ಮಾಡಿದುದು 2019ರಲ್ಲಿ.

ಅಪಾಯಗಳನ್ನೂ ಅರಿಯಬೇಕು. ಕ್ಷಾರವು ತಲೆಯ ಚರ್ಮವನ್ನು ಸುಡಬಲ್ಲದು; ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕೇಡು. ಕೆಲವು ಲೇಪಗಳನ್ನು ಕಾಸಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಡುವುದು. ಅದು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿಯೇ ನಿರ್ಣಯಿಸಿತು. ಅಮೆರಿಕದಲ್ಲಿ 33,497 ಸ್ತ್ರೀಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯಂತೆ, 70 ವಯಸ್ಸಿನೊಳಗೆ ಗರ್ಭಾಶಯದ ಕ್ಯಾನ್ಸರ್ ತಗಲುವ ಸಂಭವವು ಇಂತಹ ಲೇಪಗಳನ್ನು ಬಳಸದವರಲ್ಲಿ ನೂರಕ್ಕೆ 1.64, ಪದೇ ಪದೇ ಬಳಸಿದವರಲ್ಲಿ 4.05. ಇದರಿಂದ ಲೇಪವೇ ಕಾರಣವೆಂದು ಸಿದ್ಧವಾಗದು. ಆದರೆ ಎಚ್ಚರಕ್ಕೆ ಇಷ್ಟು ಸಾಕು.

ಬೆಳೆದ ಮಗಳು ಎಲ್ಲವನ್ನೂ ತಿಳಿದು ಬಯಸಿದರೆ ಅದು ಅವಳ ಇಷ್ಟ. ಆಗ ಲೇಪದಲ್ಲಿರುವ ದ್ರವ್ಯಗಳ ಹೆಸರನ್ನು ಕೇಳಿ ತಿಳಿಯತಕ್ಕದ್ದು. ತಲೆಯಲ್ಲಿ ಗಾಯವಿದ್ದರೆ ಮಾಡಿಸಕೂಡದು. ಥಯೋಗ್ಲೈಕೋಲೇಟ್ ಹಚ್ಚಿದ ಕೂದಲಿಗೆ ಕ್ಷಾರದ ಲೇಪ ಸೇರಿದರೆ ಕೂದಲು ತುಂಡಾಗಿ ಉದುರುವುದು. ಗಾಳಿಯಾಡದ ಕೋಣೆಯೂ ಸಲ್ಲದು. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಇದರಿಂದ ದೂರವಿರುವುದೇ ಲೇಸು. ನಿತ್ಯದ ಕಷ್ಟಕ್ಕಾದರೋ ಸುಲಭೋಪಾಯವುಂಟು: ಕೂದಲು ಒದ್ದೆಯಿರುವಾಗಲೇ ಸ್ವಲ್ಪ ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವಾಗಿ ಸಿಕ್ಕು ಬಿಡಿಸಬೇಕು.

ತಾಯಂದಿರೇ, ತಲೆ ಬಾಚುವಾಗ "ಇದೆಂಥ ಕೂದಲೇ ನಿನ್ನದು!" ಎಂದು ಮಗಳನ್ನು ಗದರದಿರಿ. ಮನೆಯಲ್ಲಿ ದಿನವೂ ಈ ಮಾತನ್ನು ಕೇಳಿ ಬೆಳೆದವಳು ಉರಿಯನ್ನು ಸಹಿಸಿಯಾದರೂ ಕೂದಲನ್ನು ಬದಲಿಸಿಕೊಳ್ಳಲು ಹೊರಡುವಳು.