ಫಸಲಿ 1317ರ ಕಾನೂನು ಯಾವ ಕಪಾಟಿನಲ್ಲಿದೆ?

‘ಮೇಡಂ, ಹೈದರಾಬಾದ್ ಲ್ಯಾಂಡ್ ರೆವಿನ್ಯೂ ಆಕ್ಟ್ ಬೇಕಿತ್ತು. ಬೀದರ್ ಮ್ಯಾಟರು, ಎರಡೂವರೆಗೆ ಬೋರ್ಡಿನಲ್ಲಿದೆ.’

ಬೆಂಗಳೂರಿನ ಸರ್ಕಾರಿ ವಕೀಲರ ಕಚೇರಿಯೊಂದರ ಗ್ರಂಥಾಲಯದಲ್ಲಿ ನಾನು ಕೂತಿದ್ದಾಗ ಬಂದ ಫೋನಿದು. ಗ್ರಂಥಪಾಲಕಿ ಊಟದ ಡಬ್ಬಿ ಮುಚ್ಚಿಟ್ಟು, ‘ಯಾವ ವರ್ಷದ್ದು ಸರ್?’ ಎಂದರು. ಸ್ಪೀಕರಿನಲ್ಲಿ ಉತ್ತರ ಕೇಳಿಸಿತು: ‘1317.’

1317ರಲ್ಲಿ ಹೊಯ್ಸಳ ನಾಡನ್ನು ಮೂರನೆಯ ಬಲ್ಲಾಳ ಆಳುತ್ತಿದ್ದ. ಆ ಕಾಲದ ಶಾಸನ ಹಿಡಿದು ಹೈಕೋರ್ಟಿನಲ್ಲಿ ವಾದಿಸುವವರು ಯಾರಪ್ಪಾ ಎಂದು ನಾನು ಕಣ್ಣರಳಿಸುವಷ್ಟರಲ್ಲಿ ಆಕೆ ಒಳಗಿನ ಸಾಲಿನಿಂದ ಬೆನ್ನು ಕಿತ್ತ ಒಂದು ಸಂಪುಟ ತಂದು, ಚೀಟಿ ಇಟ್ಟು, ಜೆರಾಕ್ಸಿಗೆ ಕಳಿಸಿಯೂ ಆಗಿತ್ತು. ಅದು ಕ್ರಿಸ್ತಶಕವಲ್ಲ, ಫಸಲಿ ವರ್ಷ.

ಅಂದಿನಿಂದ ನನಗೆ ಫಸಲಿಯ ಹುಚ್ಚು ಹಿಡಿದಿದೆ. ಚಾಂದ್ರಮಾನದ ಹಿಜರಿ ವರ್ಷ ಸುಗ್ಗಿಗಿಂತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಕೊಯ್ಲಾಗದ ರೈತನಿಂದ ಕಂದಾಯ ವಸೂಲಾಗುವುದಾದರೂ ಹೇಗೆ? ಅದಕ್ಕಾಗಿ ಅಕ್ಬರನ ಕಾಲದಲ್ಲಿ ಬೆಳೆಗೆ ಹೊಂದುವ ಬೇರೊಂದು ವರ್ಷವನ್ನು ತಂದರು. ಅದನ್ನು ನಿಜಾಮರೂ ಉಳಿಸಿಕೊಂಡರು, ಮದ್ರಾಸಿನ ಕಂದಾಯ ಇಲಾಖೆಯೂ ಉಳಿಸಿಕೊಂಡಿತು. ಆದರೆ ಮದ್ರಾಸಿನ ಫಸಲಿ ಶುರುವಾಗುವುದು ಜುಲೈ 1ಕ್ಕೆ. ಇಪ್ಪತ್ತನೆಯ ಶತಮಾನದ ಹೈದರಾಬಾದಿನಲ್ಲಿ ಅಕ್ಟೋಬರ್ 6ಕ್ಕೆ, ಆಜರ್ ತಿಂಗಳ ಮೊದಲ ದಿನ. 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ಹೊಸ ವಕೀಲರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಈ ಲೆಕ್ಕ ಡಿಸೆಂಬರ್ ಕೊನೆಯವರೆಗೆ ಮಾತ್ರ ಸರಿ; ಜನವರಿಯಿಂದಾಚೆಗೆ 591 ಕೂಡಿಸಬೇಕು. ಹೈದರಾಬಾದಿನ ಜಾಗೀರು ರದ್ದತಿ ರೆಗ್ಯುಲೇಷನ್ 1358 ಫಸಲಿಯದು. ಬಾಯಿಲೆಕ್ಕ ಹಾಕಿದರೆ 1948 ಬರುತ್ತದೆ, ಪೊಲೀಸ್ ಕಾರ್ಯಾಚರಣೆಯ ವರ್ಷ. ಜಾಗೀರುಗಳು ನಿಜಕ್ಕೂ ಹೋದದ್ದು 1949ರ ಆಗಸ್ಟಿನಲ್ಲಿ. ಯಾವ ದಿನದಿಂದ ಜಮೀನು ಸರ್ಕಾರದ್ದಾಯಿತು ಎಂಬುದೇ ವ್ಯಾಜ್ಯವಾಗಿದ್ದರೆ, ಈ ಒಂದು ವರ್ಷಕ್ಕೆ ಎಕರೆಗಟ್ಟಲೆ ಬೆಲೆಯುಂಟು.

ಸರ್ಕಾರದ ಪರವಾಗಿ ಕಾನೂನು ಹುಡುಕುವವರಿಗೆ ಇಂಥ ತಲೆನೋವು ಹೆಚ್ಚು. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಕಾನೂನು ಒಂದಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮು, ಬದಲಾಯಿಸುವವರೆಗೆ ಆಯಾ ಪ್ರದೇಶದಲ್ಲಿ ಹಳೆಯ ಕಾನೂನೇ ನಡೆಯಲಿ ಎಂದಿತು. ಹಾಗಾಗಿ ಹಳೆ ಮೈಸೂರಿನ ಜಮೀನಿಗೆ 1888ರ ಮೈಸೂರು ಕಂದಾಯ ಸಂಹಿತೆ, ಧಾರವಾಡ–ಬೆಳಗಾವಿಗೆ 1879ರ ಬಾಂಬೆಯದು, ಕೊಡಗಿಗೆ 1899ರ ರೆಗ್ಯುಲೇಷನ್, ದಕ್ಷಿಣ ಕನ್ನಡಕ್ಕೆ ಮದ್ರಾಸಿನವು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತ್ತಾದರೂ ಬರುವಾಗ ಮದ್ರಾಸಿನ ಕಾನೂನುಗಳನ್ನು ಜೊತೆಗೇ ತಂದಿತ್ತು. 1964ರ ಭೂಕಂದಾಯ ಕಾಯ್ದೆ ಇವನ್ನೆಲ್ಲ ಒಂದು ಚಾವಣಿಯಡಿ ತಂದಿತು, ನಿಜ. ಆದರೆ ಅಜ್ಜನಿಗೆ 1950ರಲ್ಲಿ ಹಕ್ಕು ಹುಟ್ಟಿತ್ತೇ ಎಂಬ ಪ್ರಶ್ನೆಗೆ 1964ರ ಕಾಯ್ದೆಯಲ್ಲಿ ಉತ್ತರ ಇರುವುದಿಲ್ಲ. ಇಂಥ ಮೊಕದ್ದಮೆಗಳಲ್ಲಿ ಎದುರುದಾರ ಯಾವಾಗಲೂ ಸರ್ಕಾರವೇ. ಖಾಸಗಿ ವಕೀಲರು ಬೇಡದ ಕೇಸನ್ನು ಬಿಡಬಹುದು. ಸರ್ಕಾರಿ ವಕೀಲರಿಗೆ ಆ ಭಾಗ್ಯವಿಲ್ಲ.

ಆನ್‌ಲೈನ್ ಡೇಟಾಬೇಸುಗಳ ಬಗ್ಗೆ ನನ್ನ ಗುಮಾನಿ ಶುರುವಾಗುವುದು ಇಲ್ಲೇ. ತೀರ್ಪು ಹುಡುಕಲು ಅವುಗಳಿಗೆ ಸಾಟಿ ಇಲ್ಲ. ಆದರೆ ಕಾಯ್ದೆ ಕೇಳಿದರೆ ಅವು ಮೊದಲು ಮುಂದಿಡುವುದು ಇಂದಿನ, ತಿದ್ದುಪಡಿಗಳೆಲ್ಲ ಸೇರಿದ ಪಠ್ಯ. ವಕೀಲರಿಗೆ ಬೇಕಾದದ್ದು ಆ ಊರಿನಲ್ಲಿ, ಆ ದಿನ ಜಾರಿಯಲ್ಲಿದ್ದ ಪಠ್ಯ. ಗ್ರಂಥಪಾಲಕಿ ಅದನ್ನು ತೋರಿಸಿಕೊಟ್ಟ ರೀತಿ ನೋಡಬೇಕಿತ್ತು. ಹಳೆಯ ಕಾಯ್ದೆ ಪುಸ್ತಕವೊಂದರಲ್ಲಿ ಒಂದು ಕಲಮಿನ ಮೇಲೆ ತಿದ್ದುಪಡಿ ಚೀಟಿ ಅಂಟಿಸಿತ್ತು, ಅದರ ಮೇಲೆ ಇನ್ನೊಂದು. ಮೇಲಿನದರ ಅಂಚಿನಲ್ಲಿ ಗೆಜೆಟ್ ತಾರೀಕು ಮಸಿಯಲ್ಲಿ ಬರೆದಿತ್ತು. ಆಕೆ ಉಗುರಿನಿಂದ ತುದಿ ಎತ್ತಿ ಕೆಳಗಿನ ಸಾಲು ತೋರಿಸಿದರು. ಯಾವನೋ ಪುಣ್ಯಾತ್ಮ ಗುಮಾಸ್ತ ಒಂದು ಅಂಚಿಗಷ್ಟೇ ಗೋಂದು ಹಚ್ಚಿದ್ದ. ಹಾಗಾಗಿ ಮೂರು ಕಾಲದ ಕಾನೂನೂ ಆ ಒಂದೇ ಪುಟದಲ್ಲಿ ಓದಲು ಸಿಗುತ್ತಿತ್ತು. ಪೂರ್ತಿ ಅಂಟಿಸಿದ ಪುಟಗಳೂ ಇದ್ದವು. ಅವುಗಳ ಬಗ್ಗೆ ಆಕೆ ಬಳಸಿದ ಮಾತನ್ನು ಇಲ್ಲಿ ಅಚ್ಚು ಹಾಕಲಾರೆ.

1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕಾಯ್ದೆಗಳ ತಲೆಬರಹದ ‘ಮೈಸೂರು’ ಹೋಗಿ ‘ಕರ್ನಾಟಕ’ ಬಂತು. ಆಗ ಪುಸ್ತಕಗಳ ಬೆನ್ನಿಗೂ ಚೀಟಿ ಬಿತ್ತು.

ಈಚೆಗೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ವಕೀಲರು ವಾಟ್ಸ್ಆ್ಯಪಿನಲ್ಲಿ ಸೈಟೇಷನ್ ಕಳಿಸಿ, ‘ಇದು ನಿಜವಾಗಿ ಇದೆಯಾ ನೋಡಿ ಮೇಡಂ’ ಎನ್ನುತ್ತಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿನ ಮುಂದಿಟ್ಟು 5,000 ಡಾಲರ್ ದಂಡಕ್ಕೆ ಗುರಿಯಾದ ಸುದ್ದಿ ಇಲ್ಲಿಗೂ ಮುಟ್ಟಿದೆ. ಪರೀಕ್ಷೆ ಸುಲಭ: ಸಂಪುಟ ತೆಗೆ, ಪುಟ ತೆರೆ. ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣ ಎಐಆರ್ 1973ರ ಸುಪ್ರೀಂ ಕೋರ್ಟ್ ಭಾಗದ 1461ನೇ ಪುಟದಲ್ಲಿದೆ, ಎಸ್‌ಸಿಸಿಯಲ್ಲಾದರೆ 1973ರ ನಾಲ್ಕನೇ ಸಂಪುಟದ 225ರಲ್ಲಿ. ಒಂದೇ ತೀರ್ಪು, ಎರಡು ವಿಳಾಸ. ಎರಡೂ ತಾಳೆಯಾದರೆ ಆಕೆ ಹೆಬ್ಬೆರಳಿನ ಇಮೋಜಿ ಕಳಿಸುತ್ತಾರೆ. ಹೆಡ್‌ನೋಟ್ ಮಾತ್ರ ಓದಿ ಓಡುವವರಿಗೆ, ಪ್ಯಾರಾ ಓದಿ ಎಂಬ ಬುದ್ಧಿವಾದವೂ ಜೊತೆಗೆ ಹೋಗುತ್ತದೆ.

ಆಕೆಗೆ ಓದಲು ಬಾರದ್ದು ಉರ್ದು. ನಿಜಾಮರ ಆಡಳಿತ ಭಾಷೆ ಅದೇ ಆದ್ದರಿಂದ, ಇನಾಮು ವಿಚಾರಣೆ ಮುಗಿಸಿ ಕೊಟ್ಟ ‘ಮುಂತಖಾಬ್’ ಪತ್ರಗಳು ಫೈಲಿನೊಳಗೆ ಉರ್ದುವಿನಲ್ಲೇ ಬರುತ್ತವೆ. ತಹಶೀಲ್ದಾರರ ಪ್ಯಾರಾವಾರು ಟಿಪ್ಪಣಿಯಲ್ಲಿ ಅದರ ಸಾರಾಂಶ ಇರುತ್ತದೆಯಾದರೂ, ಸಾರಾಂಶ ಬರೆದವರು ಮೂಲ ಓದಿದ್ದರೇ ಎಂದು ಆಕೆಗೆ ಅನುಮಾನ, ನನಗೂ. ಉರ್ದು ಬಲ್ಲ ನಿವೃತ್ತ ನೌಕರರೊಬ್ಬರಿಗೆ ಫೋಟೊ ಕಳಿಸಿ ತಿಳಿದುಕೊಳ್ಳುತ್ತಾರೆ. ಅದಕ್ಕೆ ಸಂಭಾವನೆ ಕೊಡಲು ಲೆಕ್ಕಶೀರ್ಷಿಕೆ ಇಲ್ಲ.

ಬೈಂಡಿಂಗಿಗೆ ಹಣ ಕೇಳಿದರೆ ಬರುವ ಉತ್ತರ, ‘ಎಲ್ಲ ಆನ್‌ಲೈನ್ ಇದೆಯಲ್ಲ.’ ಆದ್ದರಿಂದ ಆಕೆ ತಮ್ಮದೇ ಒಂದು ಪಟ್ಟಿ ಮಾಡಿದ್ದಾರೆ: ಕಾಯ್ದೆಯ ಹೆಸರು, ಯಾವ ಪ್ರದೇಶಕ್ಕೆ, ಯಾವಾಗಿಂದ ಯಾವಾಗಿನವರೆಗೆ, ಯಾವ ಕಪಾಟು. ಫಸಲಿ ಇದ್ದಲ್ಲಿ ಪಕ್ಕದಲ್ಲೇ ಇಸವಿ, ತಿಂಗಳ ಸಮೇತ. ಒಂದು ಪ್ರತಿ ಕೊಡುತ್ತೀರಾ ಎಂದು ಕೇಳಿದೆ. ‘ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ’ ಎಂದು ನಕ್ಕರು. ಹಾಕಬೇಕೆಂದಿದ್ದೇನೆ.